ನಾನು ನುಂಗಿದ ಒಂದಿಂಚು

ಭಾಬಿ, ನಿಮ್ಮ ಗಂಡ ದಸ್ತಗೀರ ಪೊಲೀಸ್ ಭರ್ತಿಯಲ್ಲಿ ನಪಾಸಾಗಲಿಲ್ಲ. ನಾನು ಅವನನ್ನು ನಪಾಸು ಮಾಡಿದೆ. ಅವನ ಎತ್ತರ ಐದು ಅಡಿ ಆರೂವರೆ ಇಂಚು ಇತ್ತು — ಬೇಕಾದದ್ದಕ್ಕಿಂತ ಅರ್ಧ ಇಂಚು ಹೆಚ್ಚು. ಅಳತೆಗೋಲಿನ ಪಕ್ಕ ನಿಂತಿದ್ದ ನಾನು, ಅವನ ಜೀವದ ಗೆಳೆಯ ಭರಮಪ್ಪ, ಒಂದಿಂಚು ಕಡಿಮೆ ಮಾಡಿ ಕೂಗಿದೆ. ಕಣ್ಣು ತಪ್ಪಿದ್ದಲ್ಲ, ಬಾಯಿ ತಪ್ಪಿದ್ದಲ್ಲ. ತಿಳಿದೇ ಮಾಡಿದೆ.

ಈ ನಾಲ್ಕು ಸಾಲು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಪೊಲೀಸನಾಗಿ ಎಷ್ಟೋ ಕಳ್ಳರ ಬಾಯಿ ಬಿಡಿಸಿದ್ದೇನೆ, ನನ್ನ ಬಾಯಿ ಮಾತ್ರ... ಇರಲಿ. ಮೊದಲಿಂದ ಹೇಳುತ್ತೇನೆ.

ನಮ್ಮೂರು ಬೀಡಿಯಲ್ಲಿ ನಿಮ್ಮ ಮನೆಯ ಬಾಗಿಲ ಚೌಕಟ್ಟು ನಿಮ್ಮ ಮಾವನವರೇ ಮಾಡಿದ್ದು. ಬಡಿಗತನದಲ್ಲಿ ಅವರನ್ನು ಸರಿಗಟ್ಟುವವರು ಸುತ್ತಿನಲ್ಲಿ ಇರಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಬೆಳಗಾವಿಯಲ್ಲಿ ಪೇದೆಗಳ ಭರ್ತಿ ಇದೆ ಎಂದು ಗೊತ್ತಾದಾಗ ಅವರು ನಮ್ಮಿಬ್ಬರನ್ನೂ ಆ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಮ್ಮ ಮಾಪುಪಟ್ಟಿ ಹಿಡಿದು ಅಳೆದರು. ಉಳಿಯಿಂದ ಎರಡು ಗೆರೆ ಹಾಕಿದರು. ದಸ್ತಗೀರನ ಗೆರೆ ಮೇಲೆ, ನನ್ನದು ಒಂದಿಂಚು ಕೆಳಗೆ. ಐದು ಅಡಿ ಐದೂವರೆ. ಅರ್ಧ ಇಂಚಿಗೆ ನನ್ನ ಹಣೆಬರಹ ಕೆಟ್ಟಿತ್ತು.

ಆ ವರ್ಷ ದಸ್ತಗೀರ ಹೋಗಲಿಲ್ಲ. ತಂದೆಗೆ ಉಬ್ಬಸ, ಒಪ್ಪಿಕೊಂಡ ಕೆಲಸ ಮುಗಿಸಬೇಕಿತ್ತು. ನನ್ನನ್ನು ಮಾತ್ರ ಬಿಡಲಿಲ್ಲ. ಎಲ್ಲಿಂದಲೋ ಜೇನುಮೇಣ ತಂದು ಬಿಸಿ ಮಾಡಿ, ನನ್ನ ನೆತ್ತಿಗೆ ಬಿಲ್ಲೆಯ ಹಾಗೆ ಒತ್ತಿ, ಮೇಲೆ ಕೂದಲು ಎಳೆದು ಬಾಚಿದ. ಬಡಿಗನ ಮಗನಲ್ಲವೇ — ಒಂದು ಎಳೆಯೂ ಎದ್ದು ಕಾಣಲಿಲ್ಲ. ‘ಬಿಸಲಾಗ ಭಾಳ ನಿಂದರಬ್ಯಾಡಲೇ, ಕರಗತೈತಿ’ ಎಂದು ನಕ್ಕ. ಆ ಮೇಣದ ಮೇಲೆ ನಿಂತು ನಾನು ಪೊಲೀಸನಾದೆ. ಈ ಗುಟ್ಟು ಅವನೊಬ್ಬನಿಗೇ ಗೊತ್ತಿತ್ತು.

ನಾಲ್ಕೈದು ವರ್ಷಗಳ ನಂತರ, ತಂದೆ ತೀರಿಕೊಂಡ ಮೇಲೆ, ಅವನು ಭರ್ತಿಗೆ ಬಂದ. ವಯಸ್ಸಿನ ಲೆಕ್ಕದಲ್ಲಿ ಅದೇ ಅವನ ಕೊನೆಯ ಅವಕಾಶ. ಬೀಡಿಯಿಂದ ಖಾನಾಪುರದವರೆಗೆ ನಡೆದು, ಅಲ್ಲಿಂದ ರೈಲು ಹತ್ತಿ ಬಂದಿದ್ದ. ಪರೇಡ್ ಮೈದಾನದಲ್ಲಿ ಎತ್ತರ ಅಳೆಯುವ ಕೆಲಸ ನನ್ನದು. ಹತ್ತು ಹೆಜ್ಜೆ ಆಚೆ ಬೇವಿನ ನೆರಳಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಕೂಗಿದ್ದನ್ನು ಅವರು ಬರೆದುಕೊಳ್ಳುತ್ತಿದ್ದರು. ಸಾಲಿನಲ್ಲಿ ಅವನ ಮುಖ ಕಂಡಾಗ ನನಗೆ ಖರೇ ಸಂತೋಷವಾಯಿತು, ಭಾಬಿ. ಇದನ್ನು ನಂಬಿ.

ಬರಿಗಾಲಲ್ಲಿ ಬಂದು ಕೋಲಿಗೆ ಬೆನ್ನು ಹಚ್ಚಿ ನಿಂತ. ನಾನು ಮೇಲಿನ ಪಟ್ಟಿಯನ್ನು ಅವನ ನೆತ್ತಿಗೆ ಇಳಿಸುವಾಗ ಕಣ್ಣು ಮಿಟುಕಿಸಿ ಕೇಳಿದ — ‘ಏನಲೇ ಭರಮ್ಯಾ, ನಿನ್ನ ಮೇಣ ಇನ್ನೂ ಐತೋ, ಕರಗೇತೋ?’

ಅಷ್ಟೇ. ಗೆಳೆಯರ ಚೇಷ್ಟೆ. ಆದರೆ ಬಾಜೂಕ್ಕೆ ಎದೆ ಅಳೆಯುತ್ತಿದ್ದ ಪೇದೆ ನಮ್ಮ ಕಡೆ ಕತ್ತು ತಿರುಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಕೈ ತಾನಾಗಿ ಟೊಪ್ಪಿಗೆಗೆ ಹೋಯಿತು. ಇವನು ನೌಕರಿಗೆ ಸೇರಿದರೆ ದಿನಾ ನನ್ನ ಜೊತೆಗೇ ಇರುತ್ತಾನೆ, ದಿನಾ ಹೀಗೇ ನಗುತ್ತಾನೆ, ಎಂದೋ ಒಂದು ದಿನ ಯಾರದೋ ಮುಂದೆ... ನನ್ನ ನೌಕರಿ ಹೋಗುತ್ತದೆ. ಪಟ್ಟಿ ಆರೂವರೆಯಲ್ಲಿ ನಿಂತಿತ್ತು. ನಾನು ಕೂಗಿದೆ —

‘ಐದು ಅಡಿ ಐದೂವರೆ!’

ಅದು ನನ್ನ ಎತ್ತರ. ಬಾಯಿಗೆ ಅದೇ ಬಂತು.

ಅವನ ನಗು ಒಮ್ಮೆಲೇ ಇಳಿಯಲಿಲ್ಲ. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡನೋ ಏನೋ. ಆಮೇಲೆ ಮೆಲ್ಲಗೆ, ‘ಭರಮಾ, ಇನ್ನೊಮ್ಮೆ ನೋಡಪಾ’ ಎಂದ. ನಾನು ಅವನ ಮುಖ ನೋಡದೆ ‘ಮುಂದಿನವ!’ ಎಂದೆ. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು — ಈ ಅಳೆಯುವವನ ನೆತ್ತಿಯ ಕಥೆ ಕೇಳ್ರಿ ಸಾಹೇಬ್ರ, ಅಂದಿದ್ದರೆ. ಆಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹೊರಗೆ ನಿಂತು, ಸಂಜೆ ನನ್ನ ಕೆಲಸ ಮುಗಿಯುವವರೆಗೆ ಕಾದ. ಮೇಲಿಂದ ನನಗೇ ಸಮಾಧಾನ ಹೇಳಿದ. ‘ನೀ ಏನ್ ಮಾಡ್ತಿ ಬಿಡು. ಖಾನಾಪುರತನಾ ನಡಕೋಂತ ಬಂದ್ನೆಲ್ಲ, ಮೈ ಕುಗ್ಗಿರಬೇಕು. ನಡದ್ರ ಮನಶಾ ಗಿಡ್ಡ ಆಗ್ತಾನಂತ ಮಂದಿ ಅಂತಾರ.’ ನಾನು ‘ಹೌದಪಾ, ಹಂಗ ಆಗತೈತಿ’ ಎಂದೆ. ಅವನ ಮನೆಯ ರೊಟ್ಟಿ ತಿಂದು ಬೆಳೆದವನು ನಾನು. ಉಂಡ ಮನೆಯ ಜಂತಿ ಎಣಿಸುವುದು ಅಂದರೆ ಇದೇ.

ಆ ಸಲ ಅಳತೆಗೆ ಸರಿಯಾದವರು ಸಾಕಷ್ಟು ಸಿಗದೆ ಕೆಲವು ಹುದ್ದೆಗಳು ಹಾಗೇ ಉಳಿದವು. ನಮ್ಮ ಠಾಣೆಯಲ್ಲಿ ಗೋಡೆಯ ಫಲಕದ ಮೇಲೆ ಮಂಜೂರಾದ ಹುದ್ದೆಗಳ ಸಂಖ್ಯೆ ಒಂದಿತ್ತು, ಹಾಜರಿ ಕೂಗಿದಾಗ ಓಗೊಡುವವರ ಸಂಖ್ಯೆ ಬೇರೆಯೇ ಇತ್ತು. ಹಗಲಿನ ಪಾಳಿ ಮುಗಿಸಿದವನೇ ಮತ್ತೆ ರಾತ್ರಿ ಪಾಳಿಗೆ ನಿಲ್ಲಬೇಕು. ಕಾಲು ಬಾತಾಗಲೆಲ್ಲ ‘ಮಂದೀನ ಇಲ್ಲ, ಮಂದೀನ ಇಲ್ಲ’ ಎಂದು ಸರಕಾರಕ್ಕೆ ನಾನೇ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಬೈಯುತ್ತಿದ್ದೆ. ನನ್ನ ನಾಚಿಕೆಗೇಡಿತನಕ್ಕೆ ಏನನ್ನಲಿ?

ಮಂದಿ ಸಾಲದಾದಾಗ ಹೋಮ್‌ಗಾರ್ಡ್‌ನವರನ್ನು ಕರೆಸುತ್ತಿದ್ದರು. ಖಾಕಿ ಅಂಗಿ ಇರುತ್ತದೆ, ಕರೆದ ದಿನಕ್ಕಷ್ಟೇ ಕೂಲಿ ಇರುತ್ತದೆ, ನೌಕರಿ ಇರುವುದಿಲ್ಲ. ಎಂಬತ್ತರ ದಶಕದಲ್ಲಿ ಖಾನಾಪುರದಿಂದ ಬಂದ ಅಂಥ ಒಂದು ತಂಡದಲ್ಲಿ ದಸ್ತಗೀರ ಇದ್ದ. ನಾನು ಆಗ ಹವಾಲ್ದಾರ. ಬೂಟು ಬಡಿದು ಸಲಾಮು ಹೊಡೆದು, ‘ಹವಾಲ್ದಾರ ಸಾಹೇಬ್ರ, ಹಾಜರ್ ಅದೀನ್ರಿ!’ ಎಂದು ನಕ್ಕ. ಮೇಣದ ಮಾತು ಮಾತ್ರ ಮತ್ತೆಂದೂ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದೇನೆ. ಅವನಿಗೆ ಗೊತ್ತಾಗಿತ್ತೇ?

ತಂಡ ಬಂದ ಆ ದಿನ ಮಂತ್ರಿಯೊಬ್ಬರು ಊರಿಗೆ ಬರುವವರಿದ್ದರು. ಪೇದೆಗಳನ್ನೆಲ್ಲ ಅವರ ದಾರಿಗೆ ಹಚ್ಚಿದ್ದಾಯಿತು. ರವಿವಾರ ಪೇಟೆಯ ಬಾಯಿಗೆ ಯಾವಾಗಲೂ ಇಬ್ಬರು ಬೇಕು. ಅಲ್ಲಿ ಸರಕಿನ ಲಾರಿಗಳು ಹಿಂದಕ್ಕೆ ಹೋಗುತ್ತವೆ, ಒಬ್ಬ ಮುಂದೆ ನಿಂತರೆ ಇನ್ನೊಬ್ಬ ಹಿಂದೆ ನೋಡಬೇಕು. ನನ್ನ ಹತ್ತಿರ ಉಳಿದವನು ದಸ್ತಗೀರನೊಬ್ಬನೇ. ‘ಒಬ್ಬನ ನಿಂದರತಿಯೇನ?’ ಎಂದೆ. ‘ನಿಂದರತೇನ್ರಿ ಸಾಹೇಬ್ರ’ ಎಂದ. ಮಧ್ಯಾಹ್ನ, ಒಂದು ಕೈಗಾಡಿಯನ್ನು ತಡೆಯುತ್ತ ಅವನು ಲಾರಿಗೆ ಬೆನ್ನು ಮಾಡಿ ನಿಂತಿದ್ದ. ಬೆಲ್ಲದ ಲಾರಿ ಹಿಂದಕ್ಕೆ ಬಂತು. ಹಿಂದೆ ನೋಡುವವರು ಯಾರೂ ಇರಲಿಲ್ಲ.

ಪಂಚನಾಮೆಯಲ್ಲಿ ಹೆಣದ ಎತ್ತರ ಬರೆಯಬೇಕಾಗುತ್ತದೆ. ಟೇಪು ಹಿಡಿದವನು ಮತ್ತೆ ನಾನೇ. ಬರೆದುಕೊಳ್ಳುತ್ತಿದ್ದ ಠಾಣೆಯ ರೈಟರ್ ‘ಎತ್ತರಾ?’ ಎಂದು ಕೇಳಿದ. ‘ಐದು ಅಡಿ ಆರೂವರೆ’ ಎಂದೆ. ಅವನು ಬರೆದುಕೊಳ್ಳುತ್ತಾ, ‘ಭರ್ತಿಗೆ ಆಗೂವಷ್ಟು ಉದ್ದ ಇದ್ನಲ್ರಿ, ಹೋಮ್‌ಗಾರ್ಡ್‌ನ್ಯಾಗ ಯಾಕ ಉಳದ್ನೋ’ ಎಂದ. ನಾನು ಟೇಪು ಸುತ್ತಿಟ್ಟೆ.

ಆಮೇಲೆ ನೀವು ಮಗಳನ್ನು ಸೊಂಟದ ಮೇಲೆ ಕೂಡ್ರಿಸಿಕೊಂಡು ಠಾಣೆಗೆ ಬಂದಿರಿ. ‘ಅಣ್ಣಾರ, ಪೊಲೀಸರ ಹೆಂಡ್ರಿಗೆ ಪಿಂಚಣಿ ಕೊಡ್ತಾರಂತ. ನಮಗೂ ಬರ್ತದೇನ್ರಿ?’ ಎಂದಿರಿ. ‘ಅವ ಪೊಲೀಸ ಅಲ್ರಿ ಭಾಬಿ’ ಎಂದೆ. ಈ ಬಾಯಿಂದಲೇ ಎಂದೆ. ‘ಅಂಗಿ ಖಾಕೀನ ಇತ್ತಲ್ರಿ?’ ಎಂದಿರಿ. ನಾನು ಮೇಜಿನ ಮೇಲಿನ ಕಾಗದ ಸರಿಸುತ್ತಾ ಕೂತೆ.

ನಲವತ್ತನೆಯ ದಿನದ ಫಾತೆಹಾಕ್ಕೆ ಬೀಡಿಗೆ ಬಂದಾಗ, ಒಳಗೆ ಕಾಲಿಡುವಾಗ ಚೌಕಟ್ಟಿನ ಕಡೆ ಕಣ್ಣು ಹೋಯಿತು. ನನ್ನ ಗೆರೆ ಇತ್ತು. ಮೇಲಿನದು ಇರಲಿಲ್ಲ, ಅಲ್ಲಿ ಕಟ್ಟಿಗೆ ಹೆರೆದು ತಗ್ಗು ಬಿದ್ದಿತ್ತು. ನಾನು ಕೇಳದೆಯೇ ನೀವು ಹೇಳಿದಿರಿ — ‘ಭರ್ತಿಯಿಂದ ಬಂದ ದಿನಾನ ಇವರು ಉಳಿ ತಗೊಂಡು ಹೆರದ್ರು. ಅಪ್ಪಾರು ಅಳತಿ ತಪ್ಪ್ಯಾರ, ಭರಮಾ ಸುಳ್ಳ ಹೇಳೂದಿಲ್ಲ ಅಂದ್ರು.’

ಅವನಿಗೆ ಗೊತ್ತಾಗಿರಲೇ ಇಲ್ಲ, ಭಾಬಿ. ಗೊತ್ತಾಗಿ ಸುಮ್ಮನಿದ್ದಾನೆ, ಒಳಗೊಳಗೇ ನನಗೆ ಶಾಪ ಹಾಕುತ್ತಿದ್ದಾನೆ ಎಂದುಕೊಂಡಿದ್ದೆ. ಹಾಗಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ತನ್ನ ಸ್ವಂತ ತಂದೆಯ ಕೈ ತಪ್ಪಿತು ಎಂದುಕೊಂಡು ಸತ್ತ.

ನಿಮ್ಮ ಮಾವನವರ ಅಳತೆ ತಪ್ಪಿರಲಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲಿ ಹಿಡಿದುಕೊಂಡು ನಾನೇ ಬೀಡಿಗೆ ಬರುತ್ತೇನೆ; ನಿಮ್ಮ ಮಗಳು ಬಾಗಿಲಲ್ಲೇ ಓದಿ ಹೇಳಲಿ. ಒಳಗೆ ಕರೆಯಬೇಡಿ. ಆ ಚೌಕಟ್ಟಿನ ಹೊರಗೆ ನಿಂತು, ಓಣಿಯ ಮಂದಿಗೆಲ್ಲ ಕೇಳುವ ಹಾಗೆ, ಅವನ ಎತ್ತರ ಎಷ್ಟಿತ್ತು ಎಂದು ಕೂಗುತ್ತೇನೆ.