ದವಾಖಾನೆಯಲ್ಲಿ ‘ಮತ್ತ ಬರ್ರಿ’ ಅಂದ ಹುಡುಗಿ

ಶುಕ್ರವಾರ ಬೆಳಗಿನ ಐದೂಮುಕ್ಕಾಲು. ಲಕ್ಷ್ಮೇಶ್ವರದ ಹನ್ನೆರಡು ಕಾಟಿನ ಸಣ್ಣ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಇನ್ನೂ ಲೈಟು ಹಾಕಿಲ್ಲ. ನೂರೀನ ಬಿಸಿನೀರಿನ ಬಕೀಟನ್ನು ಸದ್ದಾಗದ ಹಾಗೆ ನೆಲಕ್ಕಿಡುತ್ತಾಳೆ. ಮೊದಲ ಕಾಟಿನ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, “ಅಜ್ಜಿ, ಮಾರಿ ತೊಳಕೊಳ್ಳೋಣೇನ್ರಿ?” ಎಂದು ಕೇಳುತ್ತಾಳೆ. ‘ಹ್ಞೂ’ ಅನ್ನುವ ತನಕ ಮೈ ಮುಟ್ಟುವುದಿಲ್ಲ. ಒದ್ದೆ ಬಟ್ಟೆಯಿಂದ ಮುಖ, ಕುತ್ತಿಗೆ, ಬೆರಳ ಸಂದಿ ಒರೆಸುತ್ತಾಳೆ. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡ ಹೊಸ ಹಣಿಗೆ ತೆಗೆದು, ತಲೆ ಬಾಚಿ, ಹೆರಳು ಹಾಕುತ್ತಾಳೆ.

ಹೆರಳು ಹಾಕು ಎಂದು ಆಕೆಗೆ ಯಾರೂ ಹೇಳಿಲ್ಲ. ಬೆಳಗಿನ ಪಾಳಿಗೆ ಬಂದ ನರ್ಸ್ ಸಪ್ನಾ ಬಾಗಿಲಲ್ಲಿ ನಿಂತು ನಗುತ್ತಾಳೆ. “ಏನಲೇ, ಬ್ಯೂಟಿ ಪಾರ್ಲರ್ ತಗದೀಯೇನು?”

“ಜಡ್ಡಿನಾಗ ಮೊದಲ ಕೆಡೂದು ತಲೀರಿ ಅಕ್ಕಾ,” ಅನ್ನುತ್ತಾಳೆ ನೂರೀನ. “ಕೂದಲಾ ಗಂಟು ಬಿದ್ದು ಕುಂತ್ರ, ಆ ಮನಷ್ಯಾಗ ಇನ್ನ ನಾ ಏಳೂದಿಲ್ಲ ಅನಸ್ತೈತಿ.”

ನೂರೀನಳಿಗೆ ಹದಿನೆಂಟು ವರ್ಷ. ಊರು ಶಿಗ್ಲಿ. ಅಪ್ಪ ಖಾಜಾಸಾಬ ಅರಳೆ ಹಿಂಜಿ ಗಾದಿ ತುಂಬುವವರು. ಈ ಆಸ್ಪತ್ರೆ ತೆರೆದಾಗ ಹನ್ನೆರಡು ಕಾಟಿಗೂ ಗಾದಿ ತುಂಬಿಕೊಟ್ಟವರು ಅವರೇ. ಆ ಗಾದಿಗಳ ಹಿಂದೆಯೇ ಅವರ ಹೆಂಡತಿ ದಿಲಶಾದಬಿ ಇಲ್ಲಿ ಆಯಾ ಆಗಿ ಬಂದರು. ಗಾದಿಗಳು ಹೋಗಿ ರೆಕ್ಸಿನ್ ಬಂತು. ದಿಲಶಾದಬಿ ಇಪ್ಪತ್ತು ವರ್ಷ ಉಳಿದರು. ಈ ಸಲ ರಂಜಾನ್ ಮುಗಿದ ವಾರವೇ ಬಚ್ಚಲಲ್ಲಿ ಜಾರಿ ಅವರ ಬಲಗೈ ಮಣಿಕಟ್ಟು ಮುರಿಯಿತು. ನೂರೀನ ಆಗಷ್ಟೇ ಪಿಯುಸಿ ಸೈನ್ಸ್ ಪರೀಕ್ಷೆ ಬರೆದು ಮನೆಯಲ್ಲಿದ್ದಳು. “ಅವ್ವನ ಕೈ ಕೂಡೂತನಾ ನಾ ಬರ್ತೀನ್ರಿ” ಎಂದು ಬಂದವಳಿಗೆ ಈಗ ನಾಲ್ಕು ತಿಂಗಳು. ಕೈ ಕೂಡಿದೆ, ಬಟ್ಟೆ ಹಿಂಡುವಷ್ಟು ಬಲ ಬಂದಿಲ್ಲ.

ಶಿಗ್ಲಿಯಿಂದ ಮೊದಲ ಬಸ್ಸಿಗೆ ಬರುತ್ತಾಳೆ. ದಿನಕ್ಕೆ ಹದಿನಾಲ್ಕು ಬಕೀಟು ಬಿಸಿನೀರು. ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಹಾಸಿಗೆಯ ಬಟ್ಟೆ. ಅವನ್ನು ಒಣಹಾಕಲು ಮೂವತ್ತೆರಡು ಮೆಟ್ಟಿಲಿನ ಮಾಳಿಗೆಯನ್ನು ಆರೇಳು ಸಲ ಹತ್ತಬೇಕು. ಬೆಡ್‌ಪ್ಯಾನ್ ಎಷ್ಟು ಎಂದರೆ ತಲೆ ಅಲ್ಲಾಡಿಸುತ್ತಾಳೆ. “ಅದನ್ನ ಎಣಸಬಾರದ್ರಿ. ನಾವು ಎಣಸಾಕ ಹತ್ತಿದ್ರ ಅವ್ರಿಗೆ ನಾಚಿಕಿ.”

ಅವಳ ಚೀಲದಲ್ಲಿ ಜೂವಾಲಜಿ ನೋಟ್‌ಬುಕ್ಕಿನ ನಡುವೆ ಒಂದು ಫಾರ್ಮ್ ಇದೆ. ಗದಗಿನ ನರ್ಸಿಂಗ್ ಕಾಲೇಜಿನದು. ಹೆಸರು, ಊರು, ಅಂಕ, ಎಲ್ಲ ಕಾಲಮ್ಮೂ ದುಂಡಗಿನ ಅಕ್ಷರದಲ್ಲಿ ತುಂಬಿವೆ. ಸಹಿ ಮಾತ್ರ ಇಲ್ಲ. ನಾಳೆ ಶನಿವಾರ ಕಡೇ ದಿನ.

ಆಸೆ ಇಲ್ಲವೆಂದಲ್ಲ. ಅವ್ವನ ಸೆರಗು ಹಿಡಿದು ಇಲ್ಲಿಗೆ ಬರುತ್ತಿದ್ದ ದಿನಗಳಲ್ಲೇ, ಸಿಸ್ಟರುಗಳು ನಾಡಿ ಹಿಡಿದು ಗಡಿಯಾರ ನೋಡುವುದನ್ನು ಕಣ್ಣು ಮಿಟುಕಿಸದೆ ನೋಡಿದವಳು. ಮನೆಗೆ ಹೋಗಿ, ಅರಳೆ ಮೆತ್ತಿದ ಅಪ್ಪನ ಮುಂಗೈ ಹಿಡಿದು ಕೂರುತ್ತಿದ್ದಳು. ಗಡಿಯಾರ ಇರಲಿಲ್ಲ; ಬಾಯಲ್ಲೇ ಅರವತ್ತು ಎಣಿಸುತ್ತಿದ್ದಳು. ಈಗ ಸಹಿಯ ಜಾಗಕ್ಕೆ ಬಂದಾಗೆಲ್ಲ ಪೆನ್ನು ನಿಲ್ಲುತ್ತದೆ. ನಿಲ್ಲಿಸುವುದು ತಾನೇ ಆಡಿದ ಒಂದು ಮಾತು.

ಎರಡು ತಿಂಗಳ ಹಿಂದೆ ನಾಲ್ಕನೇ ಕಾಟಿನಲ್ಲಿ ಹನಮಂತವ್ವ ಎಂಬ ಅಜ್ಜಿ ಇದ್ದರು. ಶಿರಹಟ್ಟಿ ಕಡೆಯ ಹಳ್ಳಿಯವರು, ಉಬ್ಬಸದ ಕಾಯಿಲೆ. ಹನ್ನೊಂದು ದಿನ ನೂರೀನಳೇ ಅವರ ತಲೆ ಬಾಚಿದಳು. ಡಿಸ್ಚಾರ್ಜ್ ಆದ ದಿನ ಆಟೋ ಹತ್ತುತ್ತ ಅಜ್ಜಿ, “ಬರ್ತೀನಿ ನನ್ನವ್ವ” ಅಂದರು. ಈ ಕಡೆ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ‘ಬರ್ತೀನಿ’ ಅಂದವರಿಗೆ ‘ಬರ್ರಿ’ ಅನ್ನುವುದು ಮನೆಮನೆಯ ರೂಢಿ. ನೂರೀನಳ ಬಾಯಿಂದಲೂ ಅದೇ ಬಂತು. “ಹ್ಞೂನ್ರಿ ಅಜ್ಜಿ, ಮತ್ತ ಬರ್ರಿ.”

ಅಜ್ಜಿಯ ಮಗ ಭೀಮೇಶ ಗಕ್ಕನೆ ತಿರುಗಿದ. “ಏ ಹುಡುಗಿ, ಬಾಯಿ ನೆಟ್ಟಗೈತೇನು? ದವಾಖಾನಿಗೆ ಮತ್ತ ಬಾ ಅಂತಾರೇನು ಯಾರರ?”

ಒಂಬತ್ತನೇ ದಿನಕ್ಕೆ ಹನಮಂತವ್ವ ಮತ್ತೆ ಬಂದರು. ಈ ಸಲ ಉಸಿರು ತೀರ ಕೆಟ್ಟಿತ್ತು. ಗದಗಿಗೆ ಒಯ್ಯಲು ಆಂಬುಲೆನ್ಸ್ ಬಂದಾಗ ನೂರೀನ ಅವರಿಗೆ ಹೆರಳು ಹಾಕುತ್ತಿದ್ದಳು. ಅರ್ಧ ಹೆಣೆದ ಕೂದಲಲ್ಲೇ ಅವಳ ಹಣಿಗೆ ಉಳಿದು ಹೋಯಿತು. ಆಮೇಲೆ ಸುದ್ದಿಯಿಲ್ಲ.

“ಸೈನ್ಸ್ ಓದೀನ್ರಿ,” ಅನ್ನುತ್ತಾಳೆ. “ಬಾಯಿ ಮಾತಿಗೆ ಪುಪ್ಪುಸ ಕೆಡೂದಿಲ್ಲಂತ ಗೊತ್ತೈತಿ. ಆದ್ರ ಆ ಅಜ್ಜಿ ಬಾಗಲದಾಗ ಕಂಡಾಗ ನನ್ನ ಎದಿ ಧಸಕ್ ಅಂದದ್ದು ಖರೆ. ಇಂಥಾ ನಾಲಿಗಿ ಇಟ್ಕೊಂಡು ಸಿಸ್ಟರ್ ಹ್ಯಾಂಗ ಆಗ್ಲಿ?”

ಅಂದಿನಿಂದ ಡಿಸ್ಚಾರ್ಜಿನ ಹೊತ್ತಾದರೆ ಸಾಕು, ಹನ್ನೊಂದರ ಸುಮಾರಿಗೆ, ನೂರೀನ ಬಟ್ಟೆಯ ಬುಟ್ಟಿ ಹೊತ್ತು ಮಾಳಿಗೆ ಸೇರುತ್ತಾಳೆ. ತಾನು ತಲೆ ಬಾಚಿದವರು ಮನೆಗೆ ಹೋಗುವುದನ್ನು ಮೇಲಿಂದ, ಹಾಸಿಗೆ ಬಟ್ಟೆಯ ಸಂದಿಯಿಂದ ನೋಡುತ್ತಾಳೆ. ದಿಲಶಾದಬಿಗೆ ಇದು ತಿಳಿದದ್ದು ತಡವಾಗಿ. ಇಪ್ಪತ್ತು ವರ್ಷ ಅವರು ಹೊರಟವರಿಗೆಲ್ಲ ‘ಬರ್ರಿ’ ಅನ್ನದೆ ಹೇಳಿದ್ದು ಒಂದೇ ಮಾತು, “ಸಂತ್ಯಾಗ ಭೆಟ್ಟಿ ಆಗೋಣಂತ.”

“ಬಕೀಟು ಹಿಡಿಯೂದು ಕಲಸಿದೆ, ಬಟ್ಟಿ ಕುದಸೂದು ಕಲಸಿದೆ,” ಎಂದು ಹಳಹಳಿಸುತ್ತಾರೆ. “ಇದೂ ಕಲಸೂ ಮಾತಂತ ನನಗ ಹೊಳೀಲೇ ಇಲ್ರಿ.”

ಸಂತೆಯ ದಿನ ನೂರೀನ ಬೇಕೆಂದೇ ಸುತ್ತಿ ಬರುತ್ತಾಳೆ. ಮೆಣಸಿನಕಾಯಿ ಸಾಲಿನಲ್ಲಿ, ಬಳೆಯಂಗಡಿ ಮುಂದೆ, ಬೆನ್ನು ಬಾಗಿದ ಹೆಂಗಸರ ಮುಖ ನೋಡುತ್ತಾಳೆ. ಹನಮಂತವ್ವ ಸಿಕ್ಕಿಲ್ಲ. ಆಸ್ಪತ್ರೆಯಲ್ಲಿ ಭೀಮೇಶನ ಫೋನ್ ನಂಬರ್ ಇದೆ. ಕೇಳುವ ಧೈರ್ಯವಿಲ್ಲ. “ಅಜ್ಜಿ ಉಳದಿದ್ರ ಫಾರ್ಮ್ ಕೊಡ್ತೀನಿ, ಇಲ್ಲಾಂದ್ರ ಇಲ್ಲ” ಎಂದು ಸಪ್ನಾಳ ಮುಂದೆ ಹಟ ಹಿಡಿದಿದ್ದಾಳೆ.

“ನಿನ್ನ ನಾಲಿಗಿಗೆ ಅಷ್ಟು ತಾಕತ್ತಿದ್ರ ನಮ್ಮ ನಳದ ನೀರಿಗೆ ಒಮ್ಮೆ ಬಾ ಅನ್ನಲೇ,” ಎಂದು ಸಪ್ನಾ ಗದರುತ್ತಾಳೆ. “ಎಂಟು ದಿನಕ್ಕೊಮ್ಮೆ ನೀರು ಬಿಡ್ತಾರ!” ನೂರೀನ ನಗುತ್ತಾಳೆ. ಫಾರ್ಮ್ ಮಾತ್ರ ನೋಟ್‌ಬುಕ್ಕಿನಲ್ಲೇ ಇರುತ್ತದೆ.

ಹನ್ನೊಂದಕ್ಕೆ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಬೇಕು ಅನ್ನುವಾಗ ಹಿಂದಿನಿಂದ ಯಾರೋ “ತಂಗಿ” ಎಂದು ಕರೆಯುತ್ತಾರೆ. ಭೀಮೇಶ. ಅವ್ವನ ಚಿಕಿತ್ಸೆಯ ಕಾಗದ ಒಯ್ಯಲು ಬಂದಿದ್ದಾನೆ. ಕೈಯಲ್ಲಿ ನೂರೀನಳ ಹಳೆಯ ಹಣಿಗೆ.

“ಅವ್ವ ಹೋದ್ಲು ತಂಗಿ. ಅಮಾಸಿ ಆದ ಮೂರನೇ ದಿನಕ್ಕ.”

ನೂರೀನ ಬುಟ್ಟಿ ಕೆಳಗಿಡುತ್ತಾಳೆ.

“ನಾ ಅವತ್ತ ಸಿಟ್ಟಿನ್ಯಾಗ ಅಂದ್ಬಿಟ್ಟೆ. ಗದಗದಾಗ ಹದಿನೆಂಟು ದಿನಾ ಇದ್ಲು. ಬಂದ ಸಿಸ್ಟರಿಗೆಲ್ಲಾ ಒಂದ ಮಾತು. ‘ಲಕ್ಷ್ಮೇಶ್ವರದಾಗ ಒಂದು ಹುಡುಗಿ ನನಗ ಮತ್ತ ಬಾ ಅಂದೈತಿ, ನೀವು ಅಂತೀರೇನು?’ ಅಂತ. ಆಕಿ ತವರುಮನಿ ಬಾಗಲಾ ಮುಚ್ಚಿ ಹತ್ತು ವರ್ಸಾತು. ಬಾ ಅನ್ನೋರು ಯಾರೂ ಉಳದಿದ್ದಿಲ್ಲ. ಹಣಗಿ ತಲಿದಿಂಬಿನ ಬುಡಕ ಇಟ್ಕೊಂಡಿದ್ಲು. ಕೊಟ್ಟು ಬಾ ಅಂತ ಹೇಳಿದ್ಲು.”

ಹಣಿಗೆಯ ಹಲ್ಲಿನಲ್ಲಿ ಒಂದು ಬಿಳಿ ಕೂದಲು ಇನ್ನೂ ಇದೆ. ನೂರೀನ ಅದನ್ನು ತೆಗೆಯುವುದಿಲ್ಲ.

ಕಾಗದ ಸಿಕ್ಕ ಮೇಲೆ ಭೀಮೇಶ ಗೇಟಿನ ಹತ್ತಿರ ನಿಂತು, “ಬರ್ತೀನಿ ತಂಗಿ” ಅನ್ನುತ್ತಾನೆ. ಎರಡು ತಿಂಗಳಲ್ಲಿ ಮೊದಲ ಸಲ ಅವಳು ಮಾಳಿಗೆಯ ಮೇಲಿಲ್ಲ. “ಸಂತ್ಯಾಗ ಸಿಗೋಣ್ರಿ ಅಣ್ಣಾ,” ಎಂದು ಅವ್ವನ ಮಾತನ್ನು ಹೇಳುತ್ತಾಳೆ.

ಮಧ್ಯಾಹ್ನ ಸಪ್ನಾಳ ಪೆನ್ನು ಕೇಳುತ್ತಾಳೆ. ಸಪ್ನಾ ಅವಳ ಮುಖ ನೋಡುತ್ತಾಳೆ. “ಅಜ್ಜಿ ಉಳೀಲಿಲ್ಲಲ್ಲ, ಮತ್ತ?”

“ಹೆದರಿಕಿ ಹೋಗಿಲ್ರಿ ಅಕ್ಕಾ. ಆದ್ರ ಆ ಮಾತಿಗೆ ಅಜ್ಜಿ ಹೆದರಿದ್ದಿಲ್ಲಲ್ಲ.” ಸಹಿ ಮಾಡಿ, ಒಣಗಲೆಂದು ಊದುತ್ತಾಳೆ. ಆಮೇಲೆ ತಲೆ ಎತ್ತದೆ ಕೇಳುತ್ತಾಳೆ: “ಸಿಸ್ಟರ್ ಆದ ಮ್ಯಾಲೂ ತಲಿ ಬಾಚಾಕ ಬಿಡ್ತಾರೇನ್ರಿ?”

ಸಪ್ನಾ ಪೆನ್ನನ್ನು ವಾಪಸು ಜೇಬಿಗೆ ಸಿಕ್ಕಿಸುತ್ತಾಳೆ. “ಯಾರೂ ಕೇಳೇ ಇಲ್ಲಲೇ ಇದನ್ನ,” ಅನ್ನುತ್ತಾಳೆ.

ಶನಿವಾರ ಬೆಳಿಗ್ಗೆ ಶಿಗ್ಲಿಯ ಬಸ್ ನಿಲ್ದಾಣದಲ್ಲಿ ನೂರೀನ ಫಾರ್ಮಿನ ಚೀಲ ಎದೆಗೊತ್ತಿ ನಿಂತಿದ್ದಾಳೆ. ಲಕ್ಷ್ಮೇಶ್ವರಕ್ಕೆ ಹೋಗಿ ಅಲ್ಲಿಂದ ಗದಗಿನ ಬಸ್ ಹಿಡಿಯಬೇಕು. ಇಂದು ವಾರ್ಡಿನ ಕೆಲಸಕ್ಕೆ ಹೊರಟಿರುವವರು ದಿಲಶಾದಬಿ. ಬಟ್ಟೆ ಹಿಂಡಲು ಆಗದಿದ್ದರೂ ಬಕೀಟು ಎಡಗೈಯಲ್ಲಿ ಎತ್ತುತ್ತಾರಂತೆ. ಲಕ್ಷ್ಮೇಶ್ವರದಲ್ಲಿ ಇಳಿಯುವಾಗ ಅವರ ಸೊಂಟಕ್ಕೆ ಮಗಳು ಹೊಸ ಹಣಿಗೆ ಸಿಕ್ಕಿಸುತ್ತಾಳೆ. ಹಳೆಯದು ಅವಳ ಚೀಲದಲ್ಲಿದೆ.

ಗದಗಿನ ಬಸ್ಸು ಹೊರಡುತ್ತದೆ. “ಬರ್ತೀನವ್ವ,” ಅನ್ನುತ್ತಾಳೆ ಕಿಟಕಿಯಿಂದ.

ಇಪ್ಪತ್ತು ವರ್ಷ ಅಳೆದು ತೂಗಿ ಮಾತಾಡಿದ ದಿಲಶಾದಬಿ ಸಂತೆಯ ಹೆಸರು ಎತ್ತುವುದಿಲ್ಲ.

“ಹ್ಞೂ,” ಅನ್ನುತ್ತಾರೆ. “ಬಾ.”