ಮಕರದ ಬಾಯಿಗೆ ಸಿಮೆಂಟು

ಮೊನ್ನೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಮ್ಮ ಎದುರುಮನೆಯವರು ಗೇಟಿನ ಕಂಬಗಳ ಮೇಲೆ ಸಿಮೆಂಟಿನ ಮಕರಗಳನ್ನು ಕೂಡಿಸಿ ಬಂಗಾರದ ಬಣ್ಣ ಬಳಿಸಿದರು. ಆ ಹಸಿ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ಖಾಲಾ ನೆನಪಾದಳು…

ನಾನು ಬೆಳೆದ ಕಮಲಾಪುರದಲ್ಲಿ ನಮ್ಮ ಓಣಿಯ ಬಾವಿಗೆ ಹತ್ತಿದ ಮನೆ ಅವಳದು. ಓಣಿಗೆಲ್ಲ ಅವಳು ಖಾಲಾ, ಚಿಕ್ಕಮ್ಮ. ಬಾವಿಕಟ್ಟೆಯ ಮೇಲೆ ಹಾಳು ಗುಡಿಯಿಂದ ಯಾವ ಕಾಲದಲ್ಲೋ ತಂದಿಟ್ಟ ಕರಿಕಲ್ಲಿನ ಮಕರವಿತ್ತು. ಆನೆಯ ಸೊಂಡಿಲು, ಮೊಸಳೆಯ ದವಡೆ, ಮೀನಿನ ಮೈ, ನವಿಲಿನ ಬಾಲ. ನೀರು ಸೇದಿದವರು ಮೊದಲ ಕೊಡವನ್ನು ಅದರ ಬೆನ್ನಿನ ಕುಳಿಗೆ ಸುರಿಯಬೇಕು. ಆ ನೀರು ಬಾಯಿಂದ ಹರಿದು ಕೆಳಗಿನ ಕಲ್ಲುಬಾನಿಗೆ ಬೀಳುತ್ತಿತ್ತು. ಆಡು, ನಾಯಿ, ಗೊರವಂಕ, ಜೇನುನೊಣ ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಮರೆತು ಹೊರಟವರನ್ನು ಖಾಲಾ ಬಾಗಿಲಲ್ಲೇ ನಿಂತು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

"ಇದು ಭಾಳ ಪ್ರಾಣಿ ಕೂಡಿ ಆದ ಪ್ರಾಣಿ ಅದ. ಇದಕ್ಕ ಹಾಕಿದ್ರ ಎಲ್ಲಾದಕ್ಕೂ ಮುಟ್ತದ" ಎನ್ನುತ್ತಿದ್ದಳು.

ಮನೆಮನೆಗೆ ನಲ್ಲಿ ಬಂದ ಮೇಲೆ ಬಾವಿಗೆ ಬರುವವರು ಕಡಿಮೆಯಾದರು. ಖಾಲಾ ಮಾತ್ರ ನೋಯುವ ಮೊಣಕಾಲು ಹಿಡಿದುಕೊಂಡು, ನಮ್ಮನ್ನೆಲ್ಲ ಬೈಯುತ್ತ, ತಾನೇ ಸೇದಿ ಹಾಕುತ್ತಿದ್ದಳು.

ಆಮೇಲೆ ಓಣಿಯ ಹಿರಿಯರಿಗೆ ಬಾವಿಕಟ್ಟೆ ಚಂದ ಮಾಡುವ ಹುಚ್ಚು ಹತ್ತಿತು. ಮುಂದಾಳು ನಮ್ಮಪ್ಪ. ಫರಸಿಕಲ್ಲು ಹಾಸಿದರು. ಆಡು-ನಾಯಿ ಬಂದು ಹೊಸ ಫರಸಿ ಹೊಲಸು ಮಾಡುತ್ತವೆಂದು ಬಾನಿ ಕಿತ್ತರು, ಮಕರದ ಬಾಯಿಗೆ ಸಿಮೆಂಟು ಮೆತ್ತಿಸಿದರು, ಮೈಗೆ ಬಂಗಾರದ ಬಣ್ಣ. ಸಿಮೆಂಟು ಮೆತ್ತುವಾಗ ಖಾಲಾ ಗಾರೆಯವನ ಕೈ ಹಿಡಿದು ತಡೆದಿದ್ದಳು.

"ಬ್ಯಾಸಗಿ ಅದರೀ… ಹಕ್ಕಿಪಕ್ಷಿ ಎಲ್ಲಿ ಹೋಗಬೇಕ್ರೀ?"

ಅಪ್ಪ ಎಲ್ಲರೆದುರು, "ಮಕರ ನಮ್ಮ ಗುಡೀದು. ನಿನಗೇನ ಸಂಬಂಧ?" ಎಂದ.

ಪ್ರತಿ ರಂಜಾನಿಗೆ ಅವಳ ಮನೆಯ ಶೀರ್‌ಕುರ್ಮಾ ಬೇಡಿ ಬೇಡಿ ಕುಡಿದವರೂ ನೆಲ ನೋಡುತ್ತ ನಿಂತರು. ಮರುದಿನ ಗೊರವಂಕಗಳು ಬಂದು ಆ ಹೊಳೆಯುವ ಬಾಯಿಯನ್ನು ಕುಟುಕಿ ಕುಟುಕಿ ಹಾರಿಹೋದವು.

ಖಾಲಾ ನಮ್ಮ ಜೊತೆ ಮಾತು ಬಿಡಲಿಲ್ಲ. ಅಕ್ಕನ ಮದುವೆಗೆ ಬಂದು ಅಕ್ಷತೆ ಹಾಕಿದಳು, ಅವ್ವನ ಜೊತೆ ನಕ್ಕಳು. ಆದರೆ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ, ಅಂದಿನಿಂದ ಎಂದೂ…

ಕೊನೆಗಾಲದಲ್ಲಿ ಅವಳು ತಾಜಸುಲ್ತಾನಪುರದ ಮಗಳ ಮನೆಯಲ್ಲಿದ್ದಳು. ಕೆಂಡದಂಥ ಬಿಸಿಲಿನಲ್ಲಿ ನೋಡಲು ಹೋದೆ. ಒಯ್ದಿದ್ದ ಕೆಂಪು ಬಾಳೆಹಣ್ಣನ್ನು ಪ್ರೀತಿಯಿಂದ ತಿಂದಳು. ತುಟಿ ಒಡೆದಿದ್ದವು. ಅಲ್ಲೇ ಇದ್ದ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಹಿಡಿದೆ.

"ನೀರಡಿಕಿ ಇಲ್ಲ ಬೇಟಾ" ಎಂದು ಮುಖ ಆಚೆ ತಿರುಗಿಸಿದಳು.

ನಾನು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗೆ ಅವಳು ಮಗಳ ಕೈಯಿಂದ ಗಟಗಟ ನೀರು ಕುಡಿಯುವ ಸದ್ದು ಕೇಳಿಸಿತು.

ಈಗ ಖಾಲಾ ಇಲ್ಲ, ಅಪ್ಪನೂ ಇಲ್ಲ. ಅಪ್ಪನ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಮಣ್ಣಾಗಿಲ್ಲ.