ಸೋಮವ್ವ ಆಳಿದ ಹಟ್ಟಿ

ಸೋಮವ್ವನ ಕಾಲು ಮುರಿದದ್ದು ಆಕೆಯೇ ಸಾಕಿದ ಟಗರಿನಿಂದ. ಕಲಾದಗಿಯಾಚೆಯ ಹಳ್ಳಿಯಲ್ಲಿ, ಕುರಿ ದಡ್ಡಿಯ ಬಾಗಿಲಲ್ಲಿ ಬಗ್ಗಿ ಮರಿಯೊಂದರ ಕಾಲಿನ ಮುಳ್ಳು ಕೀಳುತ್ತಿದ್ದಾಗ ಅದು ಹಿಂದಿನಿಂದ ಬಂದು ಗುಮ್ಮಿತು. ಬಿದ್ದವಳನ್ನು ಎತ್ತಲು ನಾಲ್ವರು ಗಂಡಸರು ಓಡಿಬಂದರು. ಬಂದವರು ಎಲ್ಲಿ ಹಿಡಿದು ಎತ್ತಬೇಕೆಂದು ವಾದಕ್ಕೆ ನಿಂತರು.

"ಟಗರಿಗಾದ್ರೂ ಏನ್ ಮಾಡಬೇಕಂತ ಗೊತ್ತಿತ್ತು. ನಿಮಗ ಅದೂ ಗೊತ್ತಿಲ್ಲ. ಬಾಜೂಕ ಸರೀರಿ, ನಾನ ಏಳ್ತೇನಿ," ಎಂದಳು ಸೋಮವ್ವ. ಏಳಲಾಗಲಿಲ್ಲ.

2003ರ ಬೇಸಿಗೆ ಮುಗಿಯುತ್ತಿದ್ದ ಕಾಲವದು. ಬಾಗಲಕೋಟೆಯ ದವಾಖಾನೆಯಲ್ಲಿ ಪ್ಲಾಸ್ಟರು ಹಾಕಿ, ಎರಡೂವರೆ ತಿಂಗಳು ಕಾಲು ನೆಲಕ್ಕೆ ತಾಗಿಸಬಾರದೆಂದರು. ಹಳ್ಳಿಗೆ ಬಿಟ್ಟರೆ ತಾಯಿ ಮೂರನೇ ದಿನವೇ ಕುರಿಯ ಬೆನ್ನು ಹತ್ತುವಳೆಂದು ಗೊತ್ತಿದ್ದ ಮಗ ಆನಂದ, ಆಕೆಯನ್ನು ನವನಗರದ ತನ್ನ ಮನೆಗೇ ಕರೆದೊಯ್ದ. ಮುಂದಿನ ಭಾಗದಲ್ಲಿ ಆತನ ಜೆರಾಕ್ಸ್ ಅಂಗಡಿ, ಹಿಂದೆ ಎರಡು ಕೋಣೆ.

ಆ ಮನೆಗೆ ಸೋಮವ್ವ ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಕಾರಣ ಸೊಸೆ ಅನುರಾಧಾ. ಇಳಕಲ್ಲಿನ ನೇಕಾರರ ಮಗಳು, ಬಿ.ಎ. ಓದಿದವಳು, ನಾಲ್ಕು ವರ್ಷದ ಹಿಂದೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆನಂದನನ್ನು ಮದುವೆಯಾದವಳು. ಕುರುಬರ ದೇವರು ಬೀರಪ್ಪನ ಒಕ್ಕಲಿನ ಮನೆಗೆ ಕುರಿ ಯಾವುದು, ಆಡು ಯಾವುದು ತಿಳಿಯದ ಹುಡುಗಿ ಬಂದಳಲ್ಲ ಎಂಬುದು ಸೋಮವ್ವನ ಸಿಟ್ಟು. ಗಂಡ ತೀರಿದಾಗ ಆಕೆಗೆ ಇಪ್ಪತ್ತೆಂಟು ವರ್ಷ, ಮಗನಿಗೆ ಆರು. ನೂರಾ ನಲವತ್ತು ಕುರಿ ಮಾರಿಬಿಡು ಎಂದು ಹೇಳಲು ಮಂದಿ ಸಾಲುಗಟ್ಟಿದ್ದರು. ಕಾಯುತ್ತೇನೆ ಎಂದವರು ಒಬ್ಬರೂ ಇರಲಿಲ್ಲ. ಕಂಬಳಿ ಹೊದ್ದು, ಕೋಲು ಹಿಡಿದು, ಬಾದಾಮಿಯ ಗುಡ್ಡದ ಸಾಲಿನಿಂದ ಹುನಗುಂದದ ಎರೆಹೊಲಗಳವರೆಗೆ ಇಪ್ಪತ್ತು ವರ್ಷ ಕುರಿ ಹೊಡೆದುಕೊಂಡು ತಿರುಗಿದವಳು ಆಕೆ. ಅಷ್ಟು ತಿರುಗಿ ಆಕೆ ಕಂಡುಕೊಂಡದ್ದು ಒಂದೇ: ಲೋಕದಲ್ಲಿ ದಡ್ಡರೇ ಹೆಚ್ಚು, ಅವರಲ್ಲಿ ರುಮಾಲು ಸುತ್ತಿದವರು ಇನ್ನೂ ಹೆಚ್ಚು.

ಮಂಚ ಹಾಕಿದ ಕೋಣೆಯಲ್ಲೇ ಕಂಪ್ಯೂಟರಿತ್ತು. ಮುಂಜಾನೆಯೆಲ್ಲ ಅನುರಾಧಾ ಲಗ್ನಪತ್ರಿಕೆ, ಅರ್ಜಿ ಟೈಪು ಮಾಡುವಳು. ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಅದೇ ಪರದೆಯ ಮೇಲೆ ಗುಡ್ಡ, ಗುಡಿಸಲು, ದನಗಳ ಚಿತ್ರಗಳು ತೆರೆದುಕೊಳ್ಳುತ್ತಿದ್ದವು. ಮೊದಲ ವಾರ ಸೋಮವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಎರಡನೇ ವಾರ ಗೋಡೆ ಬೇಸರವಾಯಿತು.

"ಅದ್ಯಾರ ಲಗ್ನ? ಬರೇ ಗುಡ್ಡಾ ಗುಡಸಲಾ ಕಾಣ್ತಾವಲ್ಲ," ಎಂದಳು.

"ಲಗ್ನ ಅಲ್ರಿ ಅತ್ತಿ, ಆಟ. ಹಳೇ ಕಂಪ್ಯೂಟರ ಜೋಡಿ ಸೀಡಿ ಬಂದಿತ್ತು," ಎಂದಳು ಅನುರಾಧಾ. ಕೇಳಿದ್ದಕ್ಕೆ ಪೂರ್ತಿ ಹೇಳಿದಳು. ಬೆಟ್ಟದ ನಾಡಿನಲ್ಲಿ ಒಂದು ಹಟ್ಟಿ, ಆರುನೂರು ಜನ. ಸುತ್ತ ಬೇರೆ ಹಟ್ಟಿಗಳು, ದೇವರು, ದೆವ್ವ. ಆಡುವವರು ಆ ಹಟ್ಟಿಯ ಗೌಡಿಕೆ ಮಾಡಬೇಕು. ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಒಂದೊಂದು ಋತುವಿಗೆ ಒಂದೊಂದು ಸಂಗತಿ ಬರುತ್ತದೆ, ಇಂಗ್ಲಿಷಿನಲ್ಲಿ ಓದಿ ಏನು ಮಾಡಬೇಕೆಂದು ಒತ್ತಬೇಕು. ಕೆಳಗೆ ಸಾಲಾಗಿ ಆರು ಜನ ಹಿರಿಯರ ಮುಖ. ಯಾರನ್ನು ಒತ್ತಿದರೆ ಅವರು ತಮ್ಮ ಸಲಹೆ ಹೇಳುತ್ತಾರೆ.

"ಅವರು ಹೇಳಿದ್ದೆಲ್ಲಾ ಖರೆ ಇರತೈತೇನು?"

"ಇಲ್ರಿ. ಒಬ್ಬೊಬ್ರು ತಮಗ ಬೇಕಾದ್ದ ಹೇಳ್ತಾರ."

"ಅಂದ್ರ ತಿಳಿದವರ ಮಾಡ್ಯಾರ," ಎಂದಳು ಸೋಮವ್ವ. ಆ ಮನೆಯಲ್ಲಿ ಆಕೆ ಏನನ್ನಾದರೂ ಹೊಗಳಿದ್ದು ಅದೇ ಮೊದಲು.

ಅನುರಾಧಾಳ ಹಟ್ಟಿ ಮಾತ್ರ ಹೊಗಳುವ ಸ್ಥಿತಿಯಲ್ಲಿರಲಿಲ್ಲ. ಪ್ರತಿ ಸಲ ಐದನೇ ವರ್ಷಕ್ಕೆ ಮುಳುಗುತ್ತಿತ್ತು. ಆ ದಿನವೂ ಆಕೆ ಮೀಸೆ ಹೊತ್ತ ಹಿರಿಯನ ಮಾತು ಕೇಳಿ, ಸುಗ್ಗಿಯ ಹೊತ್ತಿಗೆ ಗಂಡಾಳುಗಳನ್ನೆಲ್ಲ ಪಕ್ಕದ ಹಟ್ಟಿಯ ದನ ಹೊಡೆದುಕೊಂಡು ಬರಲು ಕಳಿಸಹೊರಟಿದ್ದಳು.

"ತಡಿ, ತಡಿ. ಎಲ್ಲಾರೂ ಹ್ವಾದ್ರ ಬೆಳಿ ಕೊಯ್ಯಾವ್ರು ಯಾರು, ನಿಮ್ಮಪ್ಪ ಮಗ್ಗಾ ಬಿಟ್ಟು ಬರ್ತಾನೇನು?"

ಅನುರಾಧಾಳ ಕೈ ನಿಂತಿತು. ಕುರ್ಚಿಯನ್ನು ಮಂಚದ ಕಡೆ ತಿರುಗಿಸಿಕೊಂಡಳು. "ಹಂಗಾದ್ರ ನೀವ ಹೇಳ್ರಿ, ನಾ ಒತ್ತತೇನಿ," ಎಂದಳು.

ಹೀಗೆ ಸೋಮವ್ವ ಹಟ್ಟಿಯನ್ನು ಕೈಗೆ ತೆಗೆದುಕೊಂಡಳು. ಸೊಸೆ ಓದಿ ಕನ್ನಡದಲ್ಲಿ ಹೇಳುವಳು, ಅತ್ತೆ ಮಂಚದ ಮೇಲಿಂದ ತೀರ್ಪು ಕೊಡುವಳು. ದನಕ್ಕೆ ಹುಲ್ಲು ಎಷ್ಟಿದೆ ಎಂದು ಕೇಳದೆ ಯಾವ ಮಾತನ್ನೂ ಮುಂದುವರಿಸಗೊಡಲಿಲ್ಲ. ಪಕ್ಕದ ಹಟ್ಟಿಯವರು ಹುಲ್ಲುಗಾವಲಿನಲ್ಲಿ ಪಾಲು ಕೇಳಿದಾಗ, ಬೈದು ಕಳಿಸಿರೆಂದು ನಾಲ್ವರು ಹಿರಿಯರು ಹೇಳಿದರು. ಸೋಮವ್ವ ಮಳೆಗಾಲ ಮುಗಿಯುವವರೆಗೆ ಮೇಯಿಸಿಕೊಳ್ಳಲು ಬಿಟ್ಟಳು. "ಹಸದವರು ಕದೀತಾರ. ಕದ್ದ ಮ್ಯಾಲೆ ಬಡದಾಡೂಕಿಂತ ಮೊದಲ ಕೊಟ್ಟು ಹೆಸರು ತಗೊ." ಮೀಸೆಯ ಹಿರಿಯನಿಗೆ ಆಕೆ ಇಟ್ಟ ಹೆಸರು ಹುಲ್ಲಪ್ಪ. ಅದು ಆಕೆಯ ಮೈದುನನ ಹೆಸರು. ಆ ಆರು ಹಿರಿಯರಲ್ಲಿ ಸದಾ ಗೊಣಗುವ ಕುಂಟು ಮುದುಕಿಯೊಬ್ಬಳಿದ್ದಳು. ಆಕೆಯ ಮಾತನ್ನು ಸೋಮವ್ವ ಒಂದು ದಿನವೂ ಪೂರ್ತಿ ಕೇಳಲಿಲ್ಲ.

ಏಳನೇ ವರ್ಷಕ್ಕೆ ದನಗಳು ಎರಡರಷ್ಟಾದವು. ಆಗ ಒಂದು ದಿನ ಮನೆಮಠ ಕಳೆದುಕೊಂಡ ಐವತ್ತು ಜನ ಹಟ್ಟಿಯ ಬಾಗಿಲಿಗೆ ಬಂದರು. ಅವರಿಗೆ ದನ ಕಾಯಲು ಬಾರದು, ಮಡಕೆ ಮಾಡುವುದಷ್ಟೇ ಗೊತ್ತು. ಇಟ್ಟುಕೊಳ್ಳಬೇಕೆಂದು ಕುಂಟು ಮುದುಕಿ ಹೇಳಿದಳು.

"ದನಾ ಕಾಯಾಕ ಬರದವರು ನಮಗ್ಯಾಕ? ಕಳಸು," ಎಂದಳು ಸೋಮವ್ವ.

"ನಾ ಆದ್ರ ಇಟ್ಕೊಂತಿದ್ದೆ ಅತ್ತಿ. ಈ ನವನಗರದಾಗ ಇರಾವ್ರೆಲ್ಲಾ ಹಂಗ ಬಂದವರಲ್ರಿ, ಮನಿ ಡ್ಯಾಮಿನ ನೀರಾಗ ಬಿಟ್ಟು?"

"ನೀ ಇಟ್ಕೊಂತೀ. ನಿನ್ನ ಹಟ್ಟಿ ಐದು ವರ್ಷಾನೂ ಬಾಳಲಿಲ್ಲ. ಕಳಸು ಅಂದ್ನೆಲ್ಲಾ."

ಅನುರಾಧಾ ಕಳಿಸಿದಳು. ಎರಡು ವರ್ಷದ ಮೇಲೆ ಉತ್ತರ ದಿಕ್ಕಿನ ಶತ್ರುಗಳು ಬಂದರು. ಯಾರೂ ಅರಿಯದ ಕಣಿವೆಯ ದಾರಿ ತೋರಿಸಿಕೊಂಡು ಅವರ ಮುಂದೆ ನಡೆದವರು ಅದೇ ಮಡಕೆಯವರು. ಧಾನ್ಯ ಸುಟ್ಟಿತು, ದನ ಹೋದವು, ಪರದೆಯ ಮೇಲೆ ಹಟ್ಟಿಯ ಕತೆ ಮುಗಿಯಿತೆಂದು ನಾಲ್ಕು ಸಾಲು ಬಂತು. ಅನುರಾಧಾ ಅದನ್ನು ನಿಧಾನವಾಗಿ, ಒಂದಕ್ಷರ ಬಿಡದೆ ಓದಿದಳು. ಓದುವಾಗ ಆಕೆಗೆ ಸುಖವಾಗಲಿಲ್ಲವೆಂದರೆ ಸುಳ್ಳಾದೀತು.

"ಮೊನ್ನಿ ಆಟದ ನಕಲು ಇಟ್ಟೇನ್ರಿ. ಬೇಕಂದ್ರ ಅವರು ಬಂದ ದಿನಕ್ಕ ಹೊಳ್ಳಿ ಹೋಗಬಹುದು," ಎಂದಳು.

"ಬ್ಯಾಡ. ಮಾಡಿದ್ದು ಮಾಡಿದ್ದ," ಎಂದು ಸೋಮವ್ವ ಗೋಡೆಗೆ ಮುಖ ಹಾಕಿದಳು. ಮರುದಿನ ಅನುರಾಧಾ ಕಂಪ್ಯೂಟರ್ ಮುಂದೆ ಕೂತ ಕೂಡಲೇ ಮಂಚದ ಮೇಲಿಂದ ದನಿ ಬಂತು: "ಮೊದಲಿಂದ ಸುರು ಮಾಡು. ಆ ಕುಂಟ ಮುದುಕಿ ಏನಂತಾಳ ಅನ್ನೂದ ಎಲ್ಲಾರಕ್ಕಿಂತ ಮೊದಲ ಓದು."

ಎರಡನೇ ಹಟ್ಟಿ ಹದಿನಾಲ್ಕು ವರ್ಷ ಬಾಳಿ ಮೇಲೇರುತ್ತಿದ್ದಾಗ, ಖರೆ ಹುಲ್ಲಪ್ಪ ಬಂದ. ಬಿಳಿ ಅಂಗಿ, ಬಿಳಿ ಧೋತರ, ಹೆಗಲ ಮೇಲೆ ಶಾಲು, ಕಿಸೆಯಲ್ಲಿ ಎಲ್ಲರಿಗೂ ಕಾಣುವಂತೆ ಮೊಬೈಲು. ಕುರಿಗಾರರ ಸಂಘದ ಅಧ್ಯಕ್ಷನಾಗಿ ಎಂಟು ವರ್ಷವಾಗಿತ್ತು; ಆ ಎಂಟು ವರ್ಷದಲ್ಲಿ ಆತನ ಅಂಗಿಗೆ ಒಂದು ಕುರಿಯ ರೋಮವೂ ಅಂಟಿರಲಿಲ್ಲ. ಸಂಘದ ಚುನಾವಣೆ ಬಂದಿತ್ತು, ಹೆಂಗಸರಿಗೆಂದು ಒಂದು ಸ್ಥಾನ ಮೀಸಲಾಗಿತ್ತು.

"ನೀ ಎಲ್ಲಿಗೂ ಬರೂದು ಬ್ಯಾಡ ವೈನಿ. ಇಲ್ಲೊಂದು ಹೆಬ್ಬಟ್ಟು ಒತ್ತು, ಸಾಕು. ಉಳದದ್ದು ನಾವು ನೋಡ್ಕೊಂತೇವಿ."

"ಚಾ ಕುಡಿ ಮೊದಲ," ಎಂದಳು ಸೋಮವ್ವ.

ಚಹಾ ಬರುವಷ್ಟರಲ್ಲಿ ಹುಲ್ಲಪ್ಪನ ಕಣ್ಣು ಪರದೆಯ ಮೇಲೆ ಬಿತ್ತು. ಸಂಗತಿ ತಿಳಿದು ಹೊಟ್ಟೆ ಹಿಡಿದು ನಕ್ಕ. "ಹೆಂಗಸರು ಕುಂತು ಹಟ್ಟಿ ಆಳಾಕತ್ತೀರೇನು? ಸರಿ ಬಾಜೂಕ. ಮಂದಿ ಆಳೂದು ಹೆಂಗಂತ ತೋರಸ್ತೇನಿ." ಕುರ್ಚಿ ಎಳೆದುಕೊಂಡು ಕೂತ. ಅನುರಾಧಾ ಏನೋ ಒಂದೆರಡು ಗುಂಡಿ ಒತ್ತಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಳು.

ನೆರೆಯ ಹಟ್ಟಿಯವನೊಬ್ಬ ಕಾಣಿಕೆ ಹೊತ್ತು ಮಾತಿಗೆ ಬಂದಿದ್ದ. ಹುಲ್ಲಪ್ಪ ಕಾಣಿಕೆ ತೆಗೆದುಕೊಂಡು ಅವನನ್ನು ಹೊರಗೆ ಹಾಕಿಸಿದ. ಧಾನ್ಯ ಕಡಿಮೆಯಿದೆ ಎಂದು ಹಿರಿಯರು ಹೇಳಿದರು. ಆದರೂ ಆತ ತನ್ನ ಗೌಡಿಕೆಯ ಹೆಸರಿನಲ್ಲಿ ಇಡೀ ಹಟ್ಟಿಗೆ ಊಟ ಹಾಕಿಸಿದ. ಕುಂಟು ಮುದುಕಿ ಬೇಡವೆಂದಳು.

"ಈಕಿನ್ನ ತಗದು ಹಾಕಾಕ ಬರತೈತೇನು?"

"ಬರತೈತ್ರಿ ಮಾವಾರ. ಹಿರೇರನ್ನ ನೀವ ಆರಸಬಹುದು," ಎಂದಳು ಅನುರಾಧಾ ತಣ್ಣಗೆ.

"ಹಂಗಾದ್ರ ತಗಿ. ಹೂಂ ಅನ್ನಾವ್ರನ್ನ ಹಾಕು."

ಆಮೇಲೆ ಹುಲ್ಲಪ್ಪನಿಗೆ ಬಹಳ ಸುಖವಾಯಿತು. ಯಾವ ಮುಖ ಒತ್ತಿದರೂ ದಂಡೆತ್ತಿ ಹೋಗೋಣ ಎನ್ನುತ್ತಿತ್ತು. ಸುಗ್ಗಿಯಲ್ಲಿ ದಂಡು ಹೋಯಿತು, ತಿರುಗಿ ಬಂದದ್ದು ಮೂರನೇ ಒಂದು ಪಾಲು. ಚಳಿಗಾಲಕ್ಕೆ ಕಾಳಿಲ್ಲ. ವಸಂತಕ್ಕೆ ಮೂರು ಹಟ್ಟಿಗಳು ಒಟ್ಟಾಗಿ ಬಂದವು. ಎರಡನೇ ಕಪ್ಪು ಚಹಾ ಆರುವಷ್ಟರಲ್ಲಿ ಹದಿನೈದು ವರ್ಷದ ಹಟ್ಟಿ ಬೂದಿಯಾಗಿತ್ತು. ಅನುರಾಧಾ ಆ ನಾಲ್ಕು ಸಾಲನ್ನು ಮತ್ತೊಮ್ಮೆ ಓದಿದಳು.

"ಮಷೀನ ಕೆಟ್ಟೈತಿ. ಪರದೇಶದವರು ಮಾಡಿದ್ದು, ನಮ್ಮ ಪದ್ಧತಿ ಅದಕ್ಕೇನು ಗೊತ್ತು?" ಎಂದ ಹುಲ್ಲಪ್ಪ, ಶಾಲು ಸರಿಮಾಡಿಕೊಳ್ಳುತ್ತ.

"ನಿನ್ನ ಪದ್ಧತಿ ಅದಕ್ಕ ಪೂರಾ ಗೊತ್ತಾತು," ಎಂದಳು ಸೋಮವ್ವ. "ಎಲ್ಲಿ ಐತಿ ನಿನ್ನ ಕಾಗದಾ, ಕೊಡು. ಅನುರಾಧಾ, ಓದಿ ಹೇಳು."

ನಾಲ್ಕು ವರ್ಷದಲ್ಲಿ ಆಕೆ ಸೊಸೆಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅನುರಾಧಾ ಅರ್ಜಿಯನ್ನು ಅಕ್ಷರ ಅಕ್ಷರವಾಗಿ ಓದಿದಳು. ಹುಲ್ಲಪ್ಪ ಎರಡು ಸಲ ಕೆಮ್ಮಿದ. ಸೋಮವ್ವ ಹೆಬ್ಬೆಟ್ಟು ಒತ್ತಿ, ಮಸಿ ಹತ್ತಿದ ಬೆರಳನ್ನು ಮೈದುನನ ಬಿಳಿ ಧೋತರದ ಕಡೆ ಚಾಚಿ, ಅವನು ಹಿಂದೆ ಸರಿದದ್ದನ್ನು ನೋಡಿ, ತನ್ನ ಸೆರಗಿಗೇ ಒರೆಸಿಕೊಂಡಳು.

ಅವನು ಹೋದ ಮೇಲೆ ಅನುರಾಧಾ, "ಮಾವಾರು ಕುಂದ್ರೂಕಿಂತ ಮೊದಲ ನಕಲು ಇಟ್ಟೇನ್ರಿ ಅತ್ತಿ," ಎಂದಳು.

"ಹಂಗಾದ್ರ ಹೊಳ್ಳಿ ತಗಿ. ಇದು ನಾ ಮಾಡಿದ್ದಲ್ಲ." ಆಮೇಲೆ ಸೊಸೆಯ ಮುಖ ನೋಡಿದಳು. "ಇಷ್ಟು ಶಾಣ್ಯಾತನಾ ನಾಕು ವರ್ಷ ಎಲ್ಲಿ ಮುಚ್ಚಿಟ್ಟಿದ್ದಿ?"

"ನೀವು ಬಂದು ನೋಡಿರಲಿಲ್ರಿ."

ಸೋಮವ್ವ ಪರದೆಯ ಕಡೆ ತಿರುಗಿದಳು. ಹುಲ್ಲು ಎಷ್ಟಿದೆ ಎಂದು ಕೇಳಿದಳು.

ಮಳೆಗಾಲದಲ್ಲಿ ಪ್ಲಾಸ್ಟರು ಬಿಚ್ಚಿದರು. ಮೀಸಲು ಸ್ಥಾನಕ್ಕೆ ಬೇರೆ ಯಾರೂ ನಿಲ್ಲದ್ದರಿಂದ ಸೋಮವ್ವ ಅವಿರೋಧವಾಗಿ ಆರಿಸಿ ಬಂದಿದ್ದಳು. ಮೊದಲ ಸಭೆಗೆ ಆಕೆ ಕೋಲೂರಿಕೊಂಡು ಬಂದಾಗ, ಹೆಬ್ಬೆಟ್ಟಿಗೆ ಮೀಟಿಂಗಿನ ಪುಸ್ತಕ ಮನೆಗೇ ಕಳಿಸುತ್ತಿದ್ದೆವಲ್ಲ ಎಂದು ಗಂಡಸರು ಉಪಚಾರ ಮಾಡಿದರು. ಆಕೆ ಪಂಖಾದ ಕೆಳಗಿನ ಕುರ್ಚಿ ನೋಡಿ ಕೂತಳು. ಆಮೇಲೆ ಯಾವ ಸಭೆಯನ್ನೂ ತಪ್ಪಿಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹುಲ್ಲಪ್ಪ ಸಂಘದ ಕಚೇರಿಯ ಮುಂದೆ ಕಮಾನು ಕಟ್ಟಿಸುವ ಮಾತು ತೆಗೆದ. ಕಮಾನಿನ ಮೇಲೆ ಅಧ್ಯಕ್ಷರ ಹೆಸರು ಕೆತ್ತಿಸಬೇಕಿತ್ತು. ಸೋಮವ್ವ ಎದ್ದು ನಿಂತು, ಮಳೆ ಬಿದ್ದು ಹೊಸ ಹುಲ್ಲು ಚಿಗುರಿದರೆ ಕರುಳುಬೇನೆ ಬರುತ್ತದೆ, ಅದಕ್ಕೆ ಮೊದಲು ಊರೂರಿಗೆ ಕುರಿ ಡಾಕ್ಟರನ್ನು ಕರೆಸಿ ಸೂಜಿ ಹಾಕಿಸಬೇಕು ಎಂದಳು. ಆಮೇಲೆ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರನ್ನೇ ಕೇಳುತ್ತ ಹೋದಳು.

"ನೀ ಏನಂತಿ ಅಮೀನಪ್ಪ?"

"ಅಧ್ಯಕ್ಷರು ಹೇಳಿದಂಗ."

"ನೀ ರಾಚಪ್ಪ?"

"ಅಧ್ಯಕ್ಷರು ಹೇಳಿದಂಗ್ರಿ."

ಒಂಬತ್ತು ಗಂಡಸರೂ ಅದನ್ನೇ ಹೇಳಿದರು. ರಾಚಪ್ಪ ಮಾತ್ರ ಹೇಳುವಾಗ ನೆಲ ನೋಡಿದ. ಆತನದು ಇನ್ನೂರು ಕುರಿಯ ಮಂದೆ. ಕಮಾನು ಗೆದ್ದಿತು.

"ಕುರಿ ಆದ್ರೂ ಬಾಯಿ ತಗದು ಬ್ಯಾ ಅಂತಾವ," ಎಂದು ಹೇಳಿ ಸೋಮವ್ವ ಎದ್ದುಬಂದಳು. ಸೀದಾ ನವನಗರಕ್ಕೆ ಹೋಗಿ, ಅನುರಾಧಾಳ ಕೈಯಲ್ಲಿ ಪಶುವೈದ್ಯರಿಗೊಂದು ಅರ್ಜಿ ಬರೆಸಿದಳು. ಅದರ ಕೆಳಗೆ ಏಳು ಹಳ್ಳಿಗಳ ಕುರಿಗಾರರ ಸಹಿ, ಹೆಬ್ಬೆಟ್ಟು ಹಾಕಿಸಲು ಕುಂಟುಗಾಲಿನಲ್ಲೇ ತಿರುಗಿದಳು. ಮೂರನೇ ದಿನ ರಾಚಪ್ಪ ಯಾರಿಗೂ ಹೇಳದೆ ಸೈಕಲ್ ಮೋಟಾರು ತಂದು, "ಕುಂದ್ರು ಯಕ್ಕಾ," ಎಂದ. "ಮೀಟಿಂಗಿನ್ಯಾಗ ಬಾಯಿ ಎಲ್ಲಿ ಇಟ್ಟಿದ್ದಿ?" ಎಂದು ಬೈಯುತ್ತಲೇ ಆಕೆ ಹಿಂದೆ ಕೂತಳು.

ಮಳೆ ಚೆನ್ನಾಗಿ ಬಿತ್ತು, ಬೇನೆಯೂ ಬಂತು. ಸೂಜಿ ಹಾಕಿಸಿದ ಏಳು ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಕುರಿಯಷ್ಟೇ ಸತ್ತಿತು. ಉಳಿದ ಕಡೆ ದಡ್ಡಿಗಳೇ ಖಾಲಿಯಾದವು. ಕಮಾನಿಗೆ ಬಣ್ಣ ಬಳಿಯುತ್ತಿದ್ದ ದಿನ ಜನ ಬಂದು ಹುಲ್ಲಪ್ಪನನ್ನು ಸುತ್ತುಗಟ್ಟಿದರು. ಆತ ಡಾಕ್ಟರನ್ನು ಬೈದ, ಔಷಧವನ್ನು ಬೈದ, ಮಳೆಯನ್ನೂ ಬೈದ. ಮುಂದಿನ ವರ್ಷ ಸೂಜಿಯ ಮಾತು ತಾನೇ ಮೊದಲು ಎತ್ತಿ, ಅದು ತನ್ನ ಬಹುದಿನದ ಕನಸು ಎಂದು ಭಾಷಣ ಮಾಡಿದ. ಎಲ್ಲರೂ ಚಪ್ಪಾಳೆ ಹೊಡೆದರು. ಸೋಮವ್ವ ಹೊಡೆಯಲಿಲ್ಲ, ಪ್ರತಿ ಹಳ್ಳಿಗೆ ಯಾವ ದಿನ ಹೋಗುವುದೆಂದು ಅಲ್ಲೇ ಬರೆಸಿಕೊಂಡಳು.

ಐದು ವರ್ಷ ಮುಗಿದಾಗ ಅಧ್ಯಕ್ಷಳಾಗೆಂದು ಏಳು ಹಳ್ಳಿಯವರು ಬಂದು ಕೇಳಿದರು. ಒಲ್ಲೆನೆಂದಳು. ಕಾಲು ನೋಯುತ್ತದೆ ಎಂದಳು. ಅದು ಖರೆಯೇ ಆಗಿತ್ತು. ರಾಚಪ್ಪ ಅಧ್ಯಕ್ಷನಾದ. ಮೊದಲ ಸಭೆಯಲ್ಲೇ ಆತ, "ಸೋಮಕ್ಕ ಹೇಳಿದಂಗ," ಎಂದು ಬಾಯಿ ತೆಗೆದ.

"ಥೂ ನಿನ್ನ, ನಿನ್ನ ಮಾತು ಹೇಳಲೇ," ಎಂದಳು ಸೋಮವ್ವ ಎಲ್ಲರ ಮುಂದೆ.

ಹಳ್ಳಿಯಲ್ಲಿ ಯಾರಾದರೂ ಸೊಸೆಯ ಸುದ್ದಿ ಕೇಳಿದರೆ, "ಆಕಿಗೇನು ಕುರಿ ಗೊತ್ತೇನು, ದನ ಗೊತ್ತೇನು? ಓದೂದೊಂದು ಬರತೈತಿ," ಎನ್ನುತ್ತಿದ್ದಳು. ಆದರೆ ಅಮಾವಾಸ್ಯೆಗೊಮ್ಮೆ ಬೀರಪ್ಪನಿಗೆ ಕಾಯಿ ಒಡೆದು, ಅರ್ಧ ಹೋಳು ಚೀಲದಲ್ಲಿಟ್ಟುಕೊಂಡು ನವನಗರದ ಬಸ್ಸು ಹತ್ತುವಳು. ಮನೆ ತಲುಪಿದ ಕೂಡಲೇ ಮಂಚದ ಮೇಲೆ ಕಾಲು ಚಾಚಿ, ಕಂಪ್ಯೂಟರಿನ ಕಡೆ ಗದ್ದ ಎತ್ತಿ ತೋರಿಸಿ, "ಹಚ್ಚು. ಹೋದ ಸಲ ಎಲ್ಲಿಗೆ ಬಿಟ್ಟಿದ್ವಿ?" ಎಂದು ಕೇಳುವಳು.